ಡಕ್ಟ್ ಅಡ್ಡ ಬಂದರೆ ಸ್ಪ್ರಿಂಕ್ಲರ್ ಎಲ್ಲಿ ಹಾಕಬೇಕು?

ಫಾಲ್ಸ್ ಸೀಲಿಂಗ್ ಇರುವ ಆಫೀಸಿನಲ್ಲಿ ಸ್ಪ್ರಿಂಕ್ಲರ್, ಅಂದರೆ ಬೆಂಕಿ ಬಿದ್ದಾಗ ತಾನೇ ನೀರು ಚಿಮ್ಮುವ ಸಾಧನ, ಕೂರಿಸುವುದು ಸಲೀಸು. ಸೀಲಿಂಗ್ ತೆರೆದಿಟ್ಟ ಆಫೀಸಿನಲ್ಲಿ ಹಾಗಲ್ಲ. ಎಸಿ ಡಕ್ಟ್, ಕೇಬಲ್ ಟ್ರೇ, ತೊಲೆ, ಲೈಟು ಎಲ್ಲವೂ ಅಡ್ಡಡ್ಡ. ಬೆಂಕಿ ಹೊತ್ತಿದಾಗ ಬಿಸಿಗಾಳಿ ಮೇಲೇರಿ ಸ್ಲ್ಯಾಬಿನ ಕೆಳಗೇ ಹರಡುತ್ತದೆ. ಸ್ಪ್ರಿಂಕ್ಲರ್‌ನಲ್ಲಿ ನೀರನ್ನು ತಡೆದಿಟ್ಟಿರುವ ಪುಟ್ಟ ಗಾಜಿನ ಬಲ್ಬ್ ಆ ಬಿಸಿಗೆ ಬೇಗ ಒಡೆಯಬೇಕು ಅಂದರೆ ಸ್ಪ್ರಿಂಕ್ಲರ್ ಮೇಲಿರಬೇಕು. ಮೇಲಿಟ್ಟರೆ ಡಕ್ಟ್ ಕೊಡೆಯಂತೆ ನೀರನ್ನು ತಡೆಯುತ್ತದೆ. ಈ ಎರಡರ ನಡುವಿನ ಜಾಗ ಹುಡುಕುವುದೇ ಇಲ್ಲಿನ ಕೆಲಸ.

ಮುಂದಿನ ಅಳತೆಗಳು ಸ್ಪ್ರಿಂಕ್ಲರ್ ಅಳವಡಿಕೆಗೆಂದೇ ಇರುವ ಅಮೆರಿಕದ ಎನ್‌ಎಫ್‌ಪಿಎ 13 ಮಾನದಂಡದಲ್ಲಿ ಮಾಮೂಲಿ ಸ್ಪ್ರಿಂಕ್ಲರ್‌ಗೆ ಹೇಳಿರುವಂಥವು. ನಿಮ್ಮ ಕಡೆಯ ನಿಯಮವನ್ನೂ, ತಯಾರಕರ ಹಾಳೆಯನ್ನೂ ಜೊತೆಗೆ ನೋಡಿ.

ಮೊದಲು ಎತ್ತರ ಅಳೆಯಿರಿ. ಮೇಲಿನಿಂದ ನೋಡಿದ ಡ್ರಾಯಿಂಗ್‌ನಲ್ಲಿ ಎಲ್ಲವೂ ಪಕ್ಕಪಕ್ಕ ಚೆನ್ನಾಗಿಯೇ ಕಾಣುತ್ತದೆ. ತಪ್ಪಾಗುವುದೇ ಅಲ್ಲಿ. ಪ್ರತಿ ಡಕ್ಟಿನ ತಳ ಸ್ಲ್ಯಾಬಿನಿಂದ ಎಷ್ಟು ಕೆಳಗಿದೆ ಅಂತ ಅದೇ ಡ್ರಾಯಿಂಗ್ ಮೇಲೆ ಬರೆದುಕೊಳ್ಳಿ.

ಆಮೇಲೆ ಸಾಲು ಹಾಕಿ. ಆಫೀಸಿನಂಥ ಕಡಿಮೆ ಅಪಾಯದ ಜಾಗದಲ್ಲಿ ಎರಡು ಸ್ಪ್ರಿಂಕ್ಲರ್ ನಡುವೆ ಹೆಚ್ಚೆಂದರೆ 4.6 ಮೀಟರ್. 1.8 ಮೀಟರ್‌ಗಿಂತ ಹತ್ತಿರವೂ ಬೇಡ. ಒಂದರ ನೀರು ಇನ್ನೊಂದರ ಬಲ್ಬನ್ನು ತಣ್ಣಗೆ ಮಾಡಿದರೆ ಅದು ಒಡೆಯುವುದೇ ಇಲ್ಲ. ನೀರನ್ನು ಚದುರಿಸುವ ತಟ್ಟೆ, ಅಂದರೆ ಡಿಫ್ಲೆಕ್ಟರ್, ಸಪಾಟು ಸ್ಲ್ಯಾಬಿನಿಂದ 2.5ರಿಂದ 30 ಸೆಂ.ಮೀ. ಕೆಳಗಿರಲಿ. ತೊಲೆಗಳು ಇಳಿಬಿದ್ದಿರುವ ಕಡೆ ಲೆಕ್ಕ ಬೇರೆ.

ಈಗ ಅಡ್ಡ ಬರುವ ವಸ್ತುಗಳ ಸರದಿ. ಕಂಬ, ಪೈಪು, ಲೈಟಿನಂಥ ಸಣ್ಣವಕ್ಕೆ ಮೂರು ಪಟ್ಟು ಲೆಕ್ಕ. ವಸ್ತುವಿನ ಅತಿ ದೊಡ್ಡ ಅಳತೆಯ ಮೂರರಷ್ಟು ದೂರ ಬಿಡಬೇಕು. 5 ಸೆಂ.ಮೀ. ಪೈಪಿಗೆ 15 ಸೆಂ.ಮೀ. ದೂರ; 15 ಸೆಂ.ಮೀ. ಕಂಬಕ್ಕೆ 45. ಕಂಬ ಎಷ್ಟೇ ದಪ್ಪಗಿರಲಿ, 60 ಸೆಂ.ಮೀ. ಬಿಟ್ಟರೆ ಸಾಕು.

ಡಕ್ಟ್, ತೊಲೆಗಳಂಥ ಉದ್ದನೆಯವಕ್ಕೆ ಇನ್ನೊಂದು ಲೆಕ್ಕ: ದೂರ ಸರಿಸಿದಷ್ಟೂ ಸ್ಪ್ರಿಂಕ್ಲರ್ ಹೆಚ್ಚು ಮೇಲಿರಬಹುದು. ಡಕ್ಟಿನಿಂದ 30 ಸೆಂ.ಮೀ. ಒಳಗಿದ್ದರೆ ಡಿಫ್ಲೆಕ್ಟರ್ ಅದರ ತಳಕ್ಕಿಂತ ಮೇಲಿರುವಂತೆಯೇ ಇಲ್ಲ. 50 ಸೆಂ.ಮೀ. ದೂರವಿದ್ದರೆ ತಳಕ್ಕಿಂತ ಸುಮಾರು 9 ಸೆಂ.ಮೀ. ಮೇಲಿರಬಹುದು, 80 ದೂರವಿದ್ದರೆ 19. ಒಂದು ಡಕ್ಟಿನ ತಳ ಸ್ಲ್ಯಾಬಿನಿಂದ 40 ಸೆಂ.ಮೀ. ಕೆಳಗಿದೆ ಅನ್ನೋಣ. ನಿಮ್ಮ ಡಿಫ್ಲೆಕ್ಟರ್ 25 ಸೆಂ.ಮೀ. ಕೆಳಗಿದೆ. ಅಂದರೆ ತಳಕ್ಕಿಂತ 15 ಮೇಲೆ. 50 ದೂರದಲ್ಲಿ ಇದು ನಡೆಯದು, 80 ದೂರದಲ್ಲಿ ನಡೆಯುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮುಗೀತು, ಇನ್ನೊಂದು ಸ್ಪ್ರಿಂಕ್ಲರ್ ಸೇರಿಸುವ ಖರ್ಚಿಲ್ಲ.

ಡಕ್ಟ್ 1.2 ಮೀಟರ್‌ಗಿಂತ ಅಗಲವಿದ್ದರೆ ಸರಿದಾಟ ಬಿಟ್ಟುಬಿಡಿ. ಅದರ ಕೆಳಗೇ ಬೇರೆ ಸ್ಪ್ರಿಂಕ್ಲರ್ ಬೇಕು. ಎರಡು ಡಕ್ಟ್ ಅಂಟಿಕೊಂಡಂತೆ ಹೋಗಿದ್ದರೆ ನಾನಂತೂ ಅದನ್ನು ಒಂದೇ ಅಂತ ಹಿಡಿಯುತ್ತೇನೆ. ನೀರು ಸೋರುವ ತೆರೆದ ಜಾಲರಿಯ ಕೆಳಗೆ ಹಾಕುವುದಾದರೆ ಬಲ್ಬಿನ ಮೇಲೆ ಪುಟ್ಟ ತಗಡಿನ ಮರೆ ಇರುವುದನ್ನೇ ತರಿಸಿ. ಇಲ್ಲದಿದ್ದರೆ ಮೇಲಿನ ನೀರು ಬಿದ್ದು ಅದು ತಣ್ಣಗೇ ಇರುತ್ತದೆ.

ಪೈಪಿನ ಮೇಲೆ ನೆಟ್ಟಗೆ ನಿಲ್ಲುವ ಅಪ್‌ರೈಟ್ ಮಾದರಿ ತೆರೆದ ಸೀಲಿಂಗಿಗೆ ಚೆನ್ನಾಗಿ ಒಗ್ಗುತ್ತದೆ. ಅದನ್ನು ಸುಮ್ನೆ ತಲೆಕೆಳಗು ತಿರುಗಿಸಿ ಪೆಂಡೆಂಟ್, ಅಂದರೆ ಪೈಪಿನಿಂದ ಕೆಳಕ್ಕೆ ಇಳಿಬೀಳುವ ಮಾದರಿ, ಮಾಡಲು ಹೋಗಬೇಡಿ. ಎರಡರ ಡಿಫ್ಲೆಕ್ಟರ್ ಬೇರೆ ಬೇರೆ.

ಜನ ಬಂದು ಕೂತ ಮೇಲೆ ಇನ್ನೊಂದು ಸಲ ನೋಡಿ. ಬೀರು, ರಟ್ಟಿನ ಪೆಟ್ಟಿಗೆಗಳ ನೆತ್ತಿಗೂ ಡಿಫ್ಲೆಕ್ಟರ್‌ಗೂ ನಡುವೆ 45 ಸೆಂ.ಮೀ. ಖಾಲಿ ಇರಬೇಕು. ಸ್ಲ್ಯಾಬಿನವರೆಗೆ ಗಾಜಿನ ಗೋಡೆ ಎಬ್ಬಿಸಿ ಹೊಸ ಮೀಟಿಂಗ್ ರೂಮ್ ಮಾಡಿದ್ದರೆ ಅದರೊಳಗೂ ಸ್ಪ್ರಿಂಕ್ಲರ್ ಬೇಕಲ್ವಾ? ಇದನ್ನು ಮರೆಯುವವರೇ ಜಾಸ್ತಿ.

ಕೊನೆಗೆ ಪೇಂಟಿನ ಕೆಲಸ. ತೆರೆದ ಸೀಲಿಂಗಿಗೆ ಕಪ್ಪು ಬಣ್ಣ ಹೊಡೆಸುವುದು ಈಗಿನ ಫ್ಯಾಷನ್. ಸ್ಪ್ರೇ ಹಿಡಿದವರಿಗೆ ಡಕ್ಟೂ ಒಂದೇ, ಕೆಂಪು ಬಲ್ಬೂ ಒಂದೇ. ಕೆಲಸ ಶುರುವಾಗುವ ಮೊದಲು ಪ್ರತಿ ಸ್ಪ್ರಿಂಕ್ಲರ್‌ಗೂ ತೆಳು ಚೀಲ ಕಟ್ಟಿಸಿ, ಮುಗಿದ ತಕ್ಷಣ ಎಣಿಸಿ ಬಿಚ್ಚಿಸಿ. ಬಣ್ಣ ತಾಗಿದ್ದನ್ನು ಒರೆಸಿ ಉಳಿಸಿಕೊಳ್ಳುವಂತಿಲ್ಲ. ಕಿತ್ತು ಹೊಸದನ್ನೇ ಹಾಕಬೇಕು.