ಸಮ್ಮೇಳನದಲ್ಲಿ ನಂಟು ಬೆಳೆಸುವುದು ಹೇಗೆ? ಗಡಿನಾಡಿನ ಕೃಷಿ ಉದ್ಯಮಿಗಳಿಗೊಂದು ದಾರಿ

ಕಾಸರಗೋಡಿನ ಕಡೆ ಅಡಿಕೆ ಹಾಳೆಯ ತಟ್ಟೆ ಒತ್ತುವವರಿದ್ದಾರೆ. ಕೊಬ್ಬರಿ ಎಣ್ಣೆ ತೆಗೆದು ಮಾರುವವರಿದ್ದಾರೆ. ಹಲಸಿನ ಹಪ್ಪಳ, ಚಿಪ್ಸ್ ಮಾಡುವ ಮನೆಗಳಿವೆ, ಅಡಿಕೆ–ಕಾಳುಮೆಣಸಿನ ಗಿಡ ಬೆಳೆಸುವ ನರ್ಸರಿಗಳಿವೆ. ಮಾಲಿನ ಗುಣಕ್ಕೆ ಹೆಸರಿಡುವಂತಿಲ್ಲ. ಆದರೆ ಹೊಸ ಮೆಷಿನ್ ಯಾರ ಹತ್ತಿರ ಸಿಗುತ್ತದೆ, ದೊಡ್ಡ ಆರ್ಡರ್ ಯಾರು ಕೊಡುತ್ತಾರೆ, ಲೈಸನ್ಸಿನ ಸಂಶಯವನ್ನು ಯಾರಲ್ಲಿ ಕೇಳುವುದು ಎಂಬ ಪ್ರಶ್ನೆ ಬಂದಾಗ ನಾವು ಅಲ್ಲೇ ನಿಂತುಬಿಡುತ್ತೇವೆ. 1956ರಲ್ಲಿ ಗಡಿ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಂದಿನಿಂದ ತಿರುವನಂತಪುರಕ್ಕೆ ನಾವು ಉತ್ತರದ ತುದಿ, ಬೆಂಗಳೂರಿಗೆ ಬೇರೆ ರಾಜ್ಯದವರು. ಎರಡೂ ಕಡೆಯ ಪಟ್ಟಿಯಲ್ಲಿ ನಮ್ಮ ಹೆಸರು ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ.

ಈ ಕೊರತೆ ತುಂಬಿಕೊಳ್ಳಲು ಕೃಷಿ ಸಮ್ಮೇಳನ, ವಿಚಾರಗೋಷ್ಠಿ, ವ್ಯಾಪಾರ ಮೇಳಗಳಷ್ಟು ಒಳ್ಳೆಯ ಜಾಗ ಬೇರೆ ಇಲ್ಲ ಎಂದು ನಾನು ನಂಬಿದ್ದೇನೆ. ಅಲ್ಲಿ ನಮ್ಮ ಕೈಯಲ್ಲಿ ಒಂದು ಬಲವೂ ಇದೆ. ಎರಡೂ ರಾಜ್ಯದ ಮಾತು, ಪೇಟೆ, ಪದ್ಧತಿ ಮೂರೂ ಗೊತ್ತಿರುವವರು ಆ ಸಭೆಯಲ್ಲಿ ಬಹಳ ಮಂದಿ ಇರುವುದಿಲ್ಲ. ಆ ಬಲವನ್ನು ಬಳಸುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ.

ಮೊದಲು, ಎಲ್ಲಿಗೆ ಹೋಗುವುದು?

ಮೇಳ, ಗೋಷ್ಠಿ, ವ್ಯಾಪಾರ ಮೇಳ ಮೂರೂ ಒಂದೇ ಅಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ ಜಿಕೆವಿಕೆಯಲ್ಲಿ ನಡೆಯುವ ಕೃಷಿ ಮೇಳದಂಥ ಕಡೆ ಜನಸಾಗರ. ಅಲ್ಲಿ ಯಂತ್ರ ನೋಡಬಹುದು, ತಳಿ ನೋಡಬಹುದು, ಆದರೆ ಯಾರ ಜೊತೆಗೂ ನಿಧಾನವಾಗಿ ಮಾತಾಡಲು ಆಗದು. ವಿಚಾರಗೋಷ್ಠಿಗೆ ವಿಜ್ಞಾನಿಗಳು, ಅಧಿಕಾರಿಗಳು ಬರುತ್ತಾರೆ. ರೋಗ, ತಳಿ, ಸಂಸ್ಕರಣೆಯ ಪ್ರಶ್ನೆ ಇದ್ದರೆ ಅದೇ ಸರಿ. ಮಾರಾಟ ಬೇಕಿದ್ದರೆ ಖರೀದಿದಾರರು ಬರುವ ವ್ಯಾಪಾರ ಮೇಳಕ್ಕೇ ಹೋಗಬೇಕು. ಕರಪತ್ರ ಸಿಕ್ಕಿದ ಕೂಡಲೇ ಹಣ ಕಟ್ಟಬೇಡಿ. ಹಿಂದಿನ ವರ್ಷ ಯಾರು ಮಾತಾಡಿದ್ದರು, ಯಾರ ಸ್ಟಾಲ್ ಇತ್ತು ಎಂದು ಸಂಘಟಕರಿಗೆ ಫೋನ್ ಮಾಡಿ ಕೇಳಿ. ಕೃಷಿಕರಿಗೆ ರಿಯಾಯಿತಿ ಶುಲ್ಕ ಇದೆಯಾ ಎಂದೂ ಕೇಳಿ. ಎಷ್ಟೋ ಕಡೆ ಇರುತ್ತದೆ, ಕೇಳಿದವರಿಗೆ ಮಾತ್ರ ಗೊತ್ತಾಗುತ್ತದೆ.

ಮೊದಲ ಸಲದವರು ದೂರ ಹೋಗಬೇಕೆಂದೇ ಇಲ್ಲ. ಕೂಡ್ಲಿನ ಸಿಪಿಸಿಆರ್‌ಐ ನಮ್ಮ ಅಂಗಳದಲ್ಲೇ ಇದೆ, ಅಲ್ವಾ? 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು 1970ರಲ್ಲಿ ಈಗಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ದೇಶದ ಬೇರೆ ಬೇರೆ ಮೂಲೆಗಳ ತೆಂಗು, ಅಡಿಕೆ, ಕೊಕ್ಕೊ ತಜ್ಞರು ಅಲ್ಲಿಗೆ ಬರುತ್ತಾರೆ. ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವೂ ತರಬೇತಿ ನಡೆಸುತ್ತದೆ. ಪಿಲಿಕ್ಕೋಡಿನಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಕೇಂದ್ರವಿದೆ. ಸೆಪ್ಟೆಂಬರ್ 2 ವಿಶ್ವ ತೆಂಗು ದಿನ. 1969ರಲ್ಲಿ ಏಷ್ಯಾ–ಪೆಸಿಫಿಕ್ ತೆಂಗು ಬೆಳೆಯುವ ದೇಶಗಳ ಕೂಟ ಹುಟ್ಟಿದ ನೆನಪಿಗೆ ಅದನ್ನು ಆಚರಿಸುತ್ತಾರೆ. ಆ ಹೊತ್ತಿಗೆ ಅಲ್ಲಲ್ಲಿ ಕಾರ್ಯಕ್ರಮಗಳಿರುತ್ತವೆ. ಇಂಥ ಹತ್ತಿರದ ಸಭೆಯಲ್ಲಿ ಮಾತಾಡಿ ಅಭ್ಯಾಸವಾದರೆ ಕೊಚ್ಚಿಯ ಸಭಾಂಗಣ ಹೆದರಿಸುವುದಿಲ್ಲ.

ಹೊರಡುವ ಮೊದಲು ಮಾಡುವ ತಯಾರಿ

ಕಾರ್ಯಕ್ರಮದ ಪಟ್ಟಿ ಬಂದ ಮೇಲೆ ಕೂತು ಓದಿ. ಕಾಣಲೇಬೇಕಾದ ಮೂರು ನಾಲ್ಕು ಹೆಸರು ಗುರುತು ಮಾಡಿ. ಪ್ರತಿ ಹೆಸರಿನ ಎದುರು ಒಂದೇ ಪ್ರಶ್ನೆ ಬರೆಯಿರಿ. "ತೆಂಗಿನ ಬಗ್ಗೆ ತಿಳಿಯಬೇಕು" ಎನ್ನುವುದು ಪ್ರಶ್ನೆಯಲ್ಲ. "ಕಲ್ಪರಸವನ್ನು (ತೆಂಗಿನ ಹೂಗೊಂಚಲಿನಿಂದ ಇಳಿಸಿದ ತಾಜಾ ರಸ) ಕೂಡ್ಲಿನಿಂದ ಮಂಗಳೂರಿಗೆ ಹುಳಿಯಾಗದಂತೆ ಸಾಗಿಸಲು ನಿಮ್ಮ ಐಸ್ ಪೆಟ್ಟಿಗೆ ಸಾಕಾ, ಬೇರೆ ವ್ಯವಸ್ಥೆ ಬೇಕಾ?" ಎಂದರೆ ಪ್ರಶ್ನೆ. ಕೇಳಿದವರು ಆ ಕೆಲಸದಲ್ಲಿ ಕೈ ಇಟ್ಟವರು ಎಂದು ಎದುರಿದ್ದವರಿಗೆ ತಕ್ಷಣ ತಿಳಿಯುತ್ತದೆ. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ಸಾಧ್ಯವಾದರೆ ಒಂದು ವಾರ ಮೊದಲೇ ಅವರಿಗೆ ಚಿಕ್ಕ ಇಮೇಲ್ ಕಳಿಸಿ. ನಾಲ್ಕು ಸಾಲು ಸಾಕು. ಯಾರು, ಯಾವ ಊರು, ಏನು ಮಾಡುತ್ತೀರಿ, ಯಾವ ವಿಷಯಕ್ಕೆ ಹತ್ತು ನಿಮಿಷ ಬೇಕು. ಉತ್ತರ ಬರದಿದ್ದರೂ ಬೇಸರ ಬೇಡ. ಎದುರು ನಿಂತಾಗ "ಇಮೇಲ್ ಮಾಡಿದ್ದೆ ಸಾರ್" ಎಂದರೆ ಹೆಚ್ಚಿನವರಿಗೆ ನೆನಪಾಗುತ್ತದೆ.

ವಿಸಿಟಿಂಗ್ ಕಾರ್ಡ್ ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ ಮತ್ತು ಮಲಯಾಳಂ ಇರಲಿ. ವಾಟ್ಸ್‌ಆಪ್ ಇರುವ ನಂಬರನ್ನೇ ಹಾಕಿ. ತಿನ್ನುವ ಮಾಲು ಮಾಡುವವರಾದರೆ ಚಿಕ್ಕ ಪ್ಯಾಕೆಟ್‌ಗಳಲ್ಲಿ ಸ್ಯಾಂಪಲ್ ಒಯ್ಯಿರಿ. ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಂಬರ್, ತಯಾರಿಸಿದ ದಿನ, ತೂಕ ಇರಲೇಬೇಕು. ಖರೀದಿದಾರರು ರುಚಿ ನೋಡುವ ಮೊದಲು ಪ್ಯಾಕೆಟ್ ತಿರುಗಿಸಿ ಅದನ್ನೇ ನೋಡುತ್ತಾರೆ.

ಪ್ರಯಾಣದ ವಿಷಯ ಚುಟುಕಾಗಿ. ಬೆಂಗಳೂರಿಗೆ ಕಣ್ಣೂರು ಎಕ್ಸ್‌ಪ್ರೆಸ್ ರಾತ್ರಿ ರೈಲು. ಎರ್ನಾಕುಲಂ ಕಡೆಗೆ ಮಾವೇಲಿ, ಮಲಬಾರ್ ಇವೆ, ಆದರೆ ನಡುರಾತ್ರಿ ಕಳೆದು ಇಳಿಸುತ್ತವೆ. ಇಡೀ ದಿನ ನಗುಮುಖದಲ್ಲಿ ಮಾತಾಡಬೇಕಾದವರಿಗೆ ನಿದ್ದೆ ಮುಖ್ಯ, ಹಾಗಾಗಿ ಸಾಧ್ಯವಾದರೆ ಹಿಂದಿನ ದಿನವೇ ತಲುಪಿ.

"ಅದು ಕರ್ನಾಟಕವಾ, ಕೇರಳವಾ?"

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಎಂದು ಊರಿನ ಹೆಸರು ಹೇಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ನಮ್ಮಲ್ಲಿ ತುಂಬ ಮಂದಿ ಇದಕ್ಕೆ ಮುದುಡಿಕೊಳ್ಳುತ್ತಾರೆ, ಕೆಲವರಿಗೆ ಸಿಟ್ಟೂ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪರಿಚಯಕ್ಕೆ ಇಷ್ಟು ಒಳ್ಳೆಯ ಬಾಗಿಲು ಬೇರೆ ಯಾರಿಗೂ ಸಿಗದು. "ಕೇರಳ. ಆದರೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ, ತುಳುವೂ ಬರುತ್ತದೆ. ಅಡಿಕೆ ಮಂಗಳೂರಿಗೆ ಹೋಗುತ್ತದೆ, ತೆಂಗಿನಕಾಯಿ ಎರಡೂ ಕಡೆಗೆ" ಎಂದು ಹೇಳಿ ನೋಡಿ. ಎದುರಿನವರಿಗೆ ನಿಮ್ಮ ಬಗ್ಗೆ ಕುತೂಹಲ ಹುಟ್ಟುತ್ತದೆ, ಊರೂ ನೆನಪಿನಲ್ಲಿ ಉಳಿಯುತ್ತದೆ.

ಕರೆಯುವ ರೀತಿಯಲ್ಲೂ ಗಮನ ಇರಲಿ. ಕೊಚ್ಚಿಯಲ್ಲಿ ವಿಜ್ಞಾನಿ, ಅಧಿಕಾರಿಗಳಿಗೆ ಸಾರ್, ಮೇಡಂ. ಸ್ಟಾಲಿನಲ್ಲಿರುವ ನಮ್ಮಂಥವರಿಗೆ ಚೇಟ್ಟಾ (ಅಣ್ಣ), ಚೇಚ್ಚಿ (ಅಕ್ಕ) ಎಂದರೆ ಹತ್ತಿರವಾಗುತ್ತಾರೆ. ಮಂಗಳೂರು, ಪುತ್ತೂರು ಕಡೆಯವರು ಭಟ್ರೇ, ಶೆಟ್ರೇ, ರೈಗಳೇ, ಅಕ್ಕ ಎಂದರೆ ಮುಖ ಅರಳಿಸುತ್ತಾರೆ. ಇಂಗ್ಲಿಷ್ ಸಲೀಸಾಗಿ ಬರದಿದ್ದರೂ ತಲೆಕೆಡಿಸಿಕೊಳ್ಳಬೇಡಿ. ತೋಟದ ಅನುಭವ ಇದ್ದವರ ತುಂಡು ತುಂಡು ಇಂಗ್ಲಿಷನ್ನು ವಿಜ್ಞಾನಿಗಳು ತುಂಬ ತಾಳ್ಮೆಯಿಂದ ಕೇಳುತ್ತಾರೆ.

ಸಭೆಯಲ್ಲಿ ಎಲ್ಲಿ ನಿಲ್ಲುವುದು, ಯಾವಾಗ ಮಾತಾಡುವುದು

ಉದ್ಘಾಟನೆ ಮುಗಿದ ಕೂಡಲೇ ವೇದಿಕೆಯ ಹತ್ತಿರ ನುಗ್ಗುವವರ ಜೊತೆ ಸೇರಬೇಡಿ. ಅತಿಥಿಗಳಿಗೆ ಆಗ ಯಾರ ಮುಖವೂ ನೆನಪಿರುವುದಿಲ್ಲ.

ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ ಪೋಸ್ಟರ್ ಹಾಕಿದ ಹಾಲ್. ತಮ್ಮ ಸಂಶೋಧನೆಯನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ, ಯುವ ವಿಜ್ಞಾನಿಗಳು ಅದರ ಪಕ್ಕ ನಿಂತಿರುತ್ತಾರೆ. ಯಾರಾದರೂ ಬಂದು ಕೇಳಲಿ ಎಂದು ಕಾಯುತ್ತಿರುತ್ತಾರೆ. ಹೆಚ್ಚಿನವರು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನೀವು ನಿಲ್ಲಿ. ಪೋಸ್ಟರ್ ಅಡಿಕೆಯ ಎಲೆಚುಕ್ಕಿ ರೋಗದ್ದಾದರೆ ನಿಮ್ಮ ತೋಟದಲ್ಲಿ ಅದು ಯಾವ ತಿಂಗಳು ಕಾಣಿಸಿತು, ಗುಡ್ಡದ ಬದಿಯಲ್ಲಿ ಜಾಸ್ತಿಯಾ, ತೋಡಿನ ಬದಿಯಲ್ಲಿ ಜಾಸ್ತಿಯಾ ಎಂದು ಹೇಳಿ. ಫೋನಿನಲ್ಲಿರುವ ಫೋಟೊ ತೋರಿಸಿ. ತೋಟದ ಮಾಹಿತಿ ಅವರಿಗೆ ಬೇಕು, ಅದರ ವಿಶ್ಲೇಷಣೆ ನಿಮಗೆ ಬೇಕು. ಇಂದು ಪೋಸ್ಟರ್ ಪಕ್ಕ ನಿಂತವರು ನಾಳೆ ಒಂದು ವಿಭಾಗದ ಮುಖ್ಯಸ್ಥರಾಗಬಹುದು. ಆಗ ನೀವು ಅವರಿಗೆ ಹಳೆಯ ಪರಿಚಯ.

ಚಹಾದ ಹೊತ್ತಿನಲ್ಲಿ ನಮ್ಮೂರಿನವರೆಲ್ಲ ಒಂದೇ ಗುಂಪಾಗಿ ನಿಲ್ಲುವುದು ದೊಡ್ಡ ನಷ್ಟ. ಜೊತೆಗೆ ಹೋಗಿ, ಒಳಗೆ ಬೇರೆಯಾಗಿ, ಸಂಜೆ ಕೂತು ಸಿಕ್ಕಿದ್ದನ್ನು ಹಂಚಿಕೊಳ್ಳಿ. ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಕೂಟವಾದ ಕುಟುಂಬಶ್ರೀಯ ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಇಬ್ಬರಾಗಿ ಹೋದರೆ ಪ್ರಯಾಣಕ್ಕೂ ವಸತಿಗೂ ಧೈರ್ಯ. ಒಬ್ಬರು ಸ್ಟಾಲ್‌ಗಳ ಕಡೆ, ಇನ್ನೊಬ್ಬರು ಗೋಷ್ಠಿಯ ಕಡೆ ಹೋದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ. ಉಳಿಯುವ ವ್ಯವಸ್ಥೆ ಎಲ್ಲಿ ಎಂದು ಸಂಘಟಕರಲ್ಲಿ ಮೊದಲೇ ಕೇಳಿ, ಸಂಕೋಚ ಬೇಡ.

ಸ್ಟಾಲಿನವರ ಜೊತೆ ಮಾತಿಗೆ ಮಧ್ಯಾಹ್ನ ಊಟ ಕಳೆದ ಹೊತ್ತು ಒಳ್ಳೆಯದು, ಜನ ಕಡಿಮೆ. ಗೋಷ್ಠಿಯಲ್ಲಿ ಪ್ರಶ್ನೆ ಕೇಳುವುದಾದರೆ ಎದ್ದು ನಿಂತು ಹೆಸರು, ಊರು, ಕೆಲಸ ಹೇಳಿ, ಒಂದೇ ಪ್ರಶ್ನೆ ಕೇಳಿ ಕೂತುಕೊಳ್ಳಿ. ಚಿಕ್ಕ ಪ್ರಶ್ನೆ ಕೇಳಿದವರನ್ನು ಊಟದ ಸಾಲಿನಲ್ಲಿ ಜನ ತಾವಾಗಿ ಮಾತಾಡಿಸುತ್ತಾರೆ.

ಎರಡು ಕಡೆಯನ್ನು ಸೇರಿಸಿ

ಈ ಹಂತಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಪಾಲಕ್ಕಾಡಿನ ಒಬ್ಬರಿಗೆ ತಟ್ಟೆಗೆ ಹಾಳೆ ಸಾಲುವುದಿಲ್ಲ ಎಂದುಕೊಳ್ಳಿ. ಸುಳ್ಯದ ಒಬ್ಬರ ತೋಟದಲ್ಲಿ ಹಾಳೆ ಸುಮ್ನೆ ಕೊಳೆಯುತ್ತಿದೆ. ಇಬ್ಬರೂ ಒಂದೇ ಹಾಲಿನಲ್ಲಿದ್ದರೂ ಭಾಷೆ ಬೇರೆ, ಪರಿಚಯವಿಲ್ಲ. ಇಬ್ಬರ ಮಾತೂ ಬರುವ ನೀವು ಪರಿಚಯ ಮಾಡಿಸಿದರೆ ಆ ದಿನ ನಿಮಗೆ ಏನೂ ಸಿಗದಿರಬಹುದು. ಆದರೆ ಮುಂದೆ ಗಡಿಯಾಚೆಗೆ ಏನೇ ಬೇಕಾದರೂ ಆ ಇಬ್ಬರೂ ಮೊದಲು ನಿಮಗೇ ಫೋನ್ ಮಾಡುತ್ತಾರೆ. ತನಗೇನು ಬೇಕು ಎಂದು ಕೇಳುವವರು ಸಭೆಯ ತುಂಬ ಇರುತ್ತಾರೆ. ನಿಮಗೆ ಯಾರು ಬೇಕು ಎಂದು ಕೇಳುವವರು ಕಡಿಮೆ.

ಅಡಿಕೆಯಲ್ಲಿ ಇದು ನಮಗೆ ಹೊಸದಲ್ಲ. ಧಾರಣೆ ಕುಸಿದು ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಸೇರಿಸಿಯೇ.

ಎರಡು ಎಚ್ಚರಿಕೆ ಬೇಕು. ಇಬ್ಬರನ್ನೂ ಕೇಳಿಯೇ ನಂಬರ್ ಕೊಡಿ. ಒಂದು ರಾಜ್ಯದ ನಿಯಮ ಇನ್ನೊಂದಕ್ಕೂ ಸರಿ ಎಂದು ಹೇಳಿಬಿಡಬೇಡಿ. ನೀರಾ, ಅಂದರೆ ತೆಂಗಿನ ಹುಳಿಯಾಗದ ರಸ, ಇಳಿಸುವುದಕ್ಕೆ ಅಬಕಾರಿ ಇಲಾಖೆಯ ಪರವಾನಗಿ ಬೇಕು, ಆ ಇಲಾಖೆ ರಾಜ್ಯಕ್ಕೊಂದು. ಗೊತ್ತಿದ್ದಷ್ಟೇ ಹೇಳಿ, ಉಳಿದದ್ದಕ್ಕೆ ಸರಿಯಾದ ಕಚೇರಿ ತೋರಿಸಿ.

ಊರಿಗೆ ಬಂದ ಮೇಲೆ

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ವಾಪಸ್ ಬರುವ ರೈಲಿನಲ್ಲೇ ಪ್ರತಿ ಕಾರ್ಡಿನ ಹಿಂದೆ ಎರಡು ಸಾಲು ಬರೆಯಿರಿ: ಎಲ್ಲಿ ಸಿಕ್ಕಿದರು, ಏನು ಮಾತಾಯಿತು, ನೀವು ಏನು ಕಳಿಸುತ್ತೇನೆ ಎಂದಿರಿ. ಫೋನಿನಲ್ಲಿ ನಂಬರ್ ಉಳಿಸುವಾಗ ಹೆಸರಿನ ಜೊತೆ ಊರು, ವಿಷಯ ಸೇರಿಸಿ. ಬರೀ "ಜೋಸೆಫ್" ಎಂದಿದ್ದರೆ ಆರು ತಿಂಗಳ ಮೇಲೆ ಯಾವ ಜೋಸೆಫ್ ಎಂದು ಯಾರಿಗೆ ನೆನಪಿರುತ್ತದೆ?

ಎರಡು ದಿನದೊಳಗೆ ಸಂದೇಶ ಕಳಿಸಿ. ಕೊಟ್ಟ ಮಾತಿನ ಫೋಟೊ, ರೇಟು, ಸ್ಯಾಂಪಲ್ ಅದರ ಜೊತೆಗೇ ಹೋಗಲಿ. ದಿನಾ ಗುಡ್ ಮಾರ್ನಿಂಗ್ ಚಿತ್ರ ಕಳಿಸಬೇಡಿ, ಕೇಳದೆ ಗುಂಪಿಗೆ ಸೇರಿಸಬೇಡಿ. ದೊಡ್ಡ ಅಧಿಕಾರಿಗಳು ನಂಬರನ್ನು ಮ್ಯೂಟ್ ಮಾಡುವುದು ಈ ಎರಡು ಕಾರಣಕ್ಕೇ.

ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಮಾತಾಡಲು ಒಂದು ಕಾರಣ ಇರಲಿ. ನಮ್ಮ ಕೃಷಿಯಲ್ಲಿ ಕಾರಣಕ್ಕೇನು ಬರ? ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಹೊತ್ತು. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣದ ಶೇಕಡಾ 1ರ ಬೋರ್ಡೊ ದ್ರಾವಣ ಎಲ್ಲರಿಗೂ ಗೊತ್ತು. ಆದರೆ ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ನೆಲದಿಂದಲೇ ಬಿಟ್ಟಾಗ ಗೊನೆಗೆ ಸರಿಯಾಗಿ ತಾಗಿತಾ, ಎಷ್ಟು ಮರ ಮುಗಿಯಿತು ಎಂಬ ನಿಮ್ಮ ಅನುಭವ ಅವರಿಗೆ ಹೊಸ ಸುದ್ದಿ. ಅದನ್ನು ಕಳಿಸಿ. ಸಹಾಯ ಕೇಳುವಾಗ ಮಾತ್ರ ನೆನಪಾಗುವವರ ಸಾಲಿಗೆ ಆಗ ನೀವು ಸೇರುವುದಿಲ್ಲ.

ಇನ್ನೊಂದು ವಿಷಯ. ವಿಜ್ಞಾನಿಗಳಿಗೆ ವರ್ಗಾವಣೆ ಆಗುತ್ತದೆ. ಸಿಪಿಸಿಆರ್‌ಐಯವರು ವಿಟ್ಲಕ್ಕೆ, ಕಿದುವಿಗೆ, ಕಾಯಂಕುಳಕ್ಕೆ, ಅಸ್ಸಾಮಿನ ಕಾಹಿಕುಚಿಗೂ ಹೋಗಬಹುದು. ಕಚೇರಿಯ ನಂಬರ್ ಒಂದನ್ನೇ ನಂಬಿದರೆ ನಂಟು ಅಲ್ಲಿಗೇ ನಿಲ್ಲುತ್ತದೆ. ಅವರು ಒಪ್ಪಿದರೆ ಸ್ವಂತ ಇಮೇಲ್ ಕೇಳಿಟ್ಟುಕೊಳ್ಳಿ. ಹೊಸ ಊರಿಗೆ ಹೋದ ಮೇಲೂ ಒಂದು ಸಂದೇಶ ಹಾಕಿ. ಅಸ್ಸಾಮಿನಲ್ಲಿ ಅಡಿಕೆ ಹೇಗೆ ಬೆಳೆಯುತ್ತಾರೆ ಎಂದು ತಿಳಿಸುವವರು ನಿಮಗೆ ಹಾಗೆಯೇ ಸಿಗುವುದು.

ಕೊನೆಗೆ, ಅವರನ್ನು ನಿಮ್ಮಲ್ಲಿಗೆ ಕರೆಯಿರಿ. ಕೂಡ್ಲಿಗೆ ಸಭೆಗೆ ಬಂದ ಹೊರಗಿನವರಿಗೆ ಸಂಜೆ ಬಿಡುವಿರುತ್ತದೆ, ತೋಟ ನೋಡುವ ಆಸೆಯೂ ಇರುತ್ತದೆ. ಪತ್ರೊಡೆ, ಮಜ್ಜಿಗೆ ಸಾಕು, ದೊಡ್ಡ ಏರ್ಪಾಟು ಬೇಡ. ತೋಟಕ್ಕೆ ಬಂದು ಉಂಡು ಹೋದವರು ನಿಮ್ಮನ್ನು ಕಾರ್ಡ್ ನೋಡಿ ನೆನಪಿಸಿಕೊಳ್ಳಬೇಕಾಗಿಲ್ಲ. ದಾರಿ ಮಾತ್ರ ಮೊದಲೇ ಸರಿಯಾಗಿ ತಿಳಿಸಿ. ರೈಲಿನಲ್ಲಿ ಬರುವವರಿಗೆ ಕಾಸರಗೋಡಿನಲ್ಲೇ ಇಳಿಯಲು ಹೇಳಿ, ಕುಂಬಳೆ, ಮಂಜೇಶ್ವರದಲ್ಲಿ ಎಲ್ಲ ರೈಲು ನಿಲ್ಲುವುದಿಲ್ಲ. ಕತ್ತಲಾಗುವ ಮೊದಲು ತೋಟ ನೋಡಲು ಆಗುವಂತೆ ಗಾಡಿಯನ್ನು ನಾಲ್ಕು ಗಂಟೆಗೇ ಕಳಿಸಿ.