ನಡುವಯಸ್ಸಿನ ಬೇಜಾರು: ಮನಸ್ಸು ಬರಲಿ ಅಂತ ಕಾಯಬೇಡಿ

ದೊಡ್ಡ ಕಷ್ಟ ಅಂತ ಏನೂ ಇರುವುದಿಲ್ಲ. ಕೆಲಸ ನಡೆಯುತ್ತಿರುತ್ತದೆ, ಮಕ್ಕಳು ತಮ್ಮ ಪಾಡಿಗೆ ತಾವು ಬೆಳೆಯುತ್ತಿರುತ್ತಾರೆ, ಸಾಲದ ಕಂತು ಹೊತ್ತಿಗೆ ಸರಿಯಾಗಿ ಹೋಗುತ್ತಿರುತ್ತದೆ. ಆದರೂ ರಜೆಯ ದಿನ ಮಧ್ಯಾಹ್ನ ಸುಮ್ನೆ ಕೂತು ಚಾನೆಲ್ ಬದಲಿಸುತ್ತಿದ್ದರೆ ಯಾವುದೂ ಬೇಡ ಅನ್ನಿಸುತ್ತದೆ. ಹೊರಗೆ ಹೋಗೋಣವೆಂದರೆ ಬೇಡ, ಯಾರಿಗಾದರೂ ಫೋನ್ ಮಾಡೋಣವೆಂದರೆ ಬೇಡ. ‘ಎಲ್ಲಾ ಇದ್ದೂ ನನಗೇನಾಗಿದೆ’ ಅಂತ ತಮ್ಮ ಮೇಲೇ ಸಿಟ್ಟು ಬೇರೆ.

ನಲವತ್ತು ದಾಟಿದವರಲ್ಲಿ ಇದೇನೂ ಅಪರೂಪವಲ್ಲ. ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರು 1965ರ ಪ್ರಬಂಧವೊಂದರಲ್ಲೇ ಈ ಹಂತಕ್ಕೆ ‘ಮಿಡ್‌ಲೈಫ್ ಕ್ರೈಸಿಸ್’ ಎಂದು ಹೆಸರಿಟ್ಟಿದ್ದರು. 2008ರಲ್ಲಿ ಡೇವಿಡ್ ಬ್ಲಾಂಚ್‌ಫ್ಲವರ್ ಮತ್ತು ಆಂಡ್ರ್ಯೂ ಆಸ್ವಾಲ್ಡ್ ಎಂಬ ಅರ್ಥಶಾಸ್ತ್ರಜ್ಞರು ಹತ್ತಾರು ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬದುಕಿನ ಬಗೆಗಿನ ಸಮಾಧಾನ ಯೌವನದಿಂದ ಇಳಿಯುತ್ತಾ ಬಂದು, ನಡುವಯಸ್ಸಿನಲ್ಲಿ ತಳ ಮುಟ್ಟಿ, ಆಮೇಲೆ ಮತ್ತೆ ಏರುವುದು ಕಂಡಿತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ. ಈ ಲೆಕ್ಕವನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಆದರೆ ‘ಇನ್ನು ಮುಂದೆ ಇಳಿಯುವುದಷ್ಟೇ’ ಅಂತ ಮನಸ್ಸು ಹೇಳುವ ಮಾತನ್ನು ನಂಬಬೇಕಾಗಿಲ್ಲ.

ಅದು ತಾನಾಗಿಯೇ ಏರಲಿ ಅಂತ ಕಾಯುವ ಅಗತ್ಯವೂ ಇಲ್ಲ. ‘ಮನಸ್ಸು ಬಂದಾಗ ಮಾಡೋಣ’ ಅಂತ ಕೂತರೆ ಮನಸ್ಸು ಬರುವುದೇ ಇಲ್ಲ. ಕೆಲಸ ಮೊದಲು, ಮನಸ್ಸು ಅದರ ಹಿಂದೆ. ಹೇಗೆ ಅಂತ ನೋಡೋಣ.

ಮೊದಲು: ಇದು ಯಾವ ಬಗೆ ಅಂತ ಗುರುತಿಸಿ

ಬೋರ್ ಆಗಿರುವವರಿಗೆ ಏನಾದರೂ ಮಾಡಬೇಕು ಅಂತ ಆಸೆ ಇರುತ್ತದೆ, ಆದರೆ ಯಾವುದರಲ್ಲೂ ಮನಸ್ಸು ನಿಲ್ಲುವುದಿಲ್ಲ. ಮನಸ್ಸು ಮಂಕಾದವರಿಗೆ ಆ ಆಸೆಯೇ ಕಡಿಮೆಯಾಗಿರುತ್ತದೆ. ಹಿಂದೆ ಇಷ್ಟವಾಗುತ್ತಿದ್ದದ್ದೂ ಸಪ್ಪೆ ಅನ್ನಿಸುತ್ತದೆ. ಈ ಮಂಕು ದಿನದ ಹೆಚ್ಚು ಹೊತ್ತು ಇದ್ದು, 2 ವಾರಕ್ಕಿಂತ ಜಾಸ್ತಿ ಎಳೆದು, ಜೊತೆಗೆ ನಿದ್ದೆ, ಹಸಿವು, ಗಮನ ಎಲ್ಲ ಏರುಪೇರಾಗಿದ್ದರೆ ಅದು ಡಿಪ್ರೆಶನ್ ಅಂದರೆ ಖಿನ್ನತೆ ಇರಬಹುದು. ಇದಕ್ಕಾಗಿ ವೈದ್ಯರು ಪಿಎಚ್‌ಕ್ಯು-9 ಎಂಬ 9 ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ಅದರಲ್ಲಿ ಗರಿಷ್ಠ ಅಂಕ 27. ಅಂಕ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರ ಜೊತೆ ಕೂತು ಮಾತನಾಡಲೇಬೇಕು.

ಸಾಯಬೇಕು ಅಥವಾ ನಾನಿಲ್ಲದಿದ್ದರೇ ಒಳ್ಳೆಯದು ಎಂಬ ಯೋಚನೆ ಸುಳಿಯುತ್ತಿದ್ದರೆ ಈ ಲೇಖನದ ಉಳಿದ ಭಾಗ ಆಮೇಲೆ ಓದಿ. ಇವತ್ತೇ, ಈಗಲೇ, ಹತ್ತಿರದವರೊಬ್ಬರಿಗೆ ಹೇಳಿ. ಅವರ ಜೊತೆ ವೈದ್ಯರ ಹತ್ತಿರ ಹೋಗಿ.

ದೇಹವನ್ನೂ ಒಮ್ಮೆ ನೋಡಿಸಿಕೊಳ್ಳಿ. ಥೈರಾಯ್ಡ್ ಕೆಲಸ ನಿಧಾನವಾದರೆ, ರಕ್ತಹೀನತೆ ಇದ್ದರೆ, ಬಿ12 ವಿಟಮಿನ್ ಕಡಿಮೆಯಾದರೆ ಬರುವ ಸುಸ್ತು, ನಿರಾಸಕ್ತಿ ಎಲ್ಲವೂ ಮನಸ್ಸಿನ ತೊಂದರೆಯ ಹಾಗೇ ಕಾಣುತ್ತವೆ. ಇವೆಲ್ಲ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ. ಜೋರಾಗಿ ಗೊರಕೆ ಹೊಡೆದು, ಬೆಳಿಗ್ಗೆ ಎದ್ದರೂ ನಿದ್ದೆಯೇ ಆಗಿಲ್ಲ ಅನ್ನಿಸುವವರಿಗೆ ಸ್ಲೀಪ್ ಆಪ್ನಿಯಾ ಇರಬಹುದು. ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವುದು. ಮುಟ್ಟು ನಿಲ್ಲುವ ಮುಂಚಿನ ಕೆಲವು ವರ್ಷಗಳಲ್ಲಿ ಹಾರ್ಮೋನುಗಳ ಏರಿಳಿತದಿಂದ ಹೆಂಗಸರಿಗೆ ಮನಸ್ಸು ಕುಸಿಯುವುದೂ ಉಂಟು. ‘ವಯಸ್ಸಾಯ್ತು, ಇದೆಲ್ಲ ಇರುವುದೇ’ ಅಂತ ಸಹಿಸಿಕೊಂಡು ಕೂರಬೇಡಿ, ಅದಕ್ಕೆ ಚಿಕಿತ್ಸೆ ಇದೆ. ಸಂಜೆ ಬೇಸರ ಕಳೆಯಲು ಕುಡಿಯುವ ಅಭ್ಯಾಸ ಇರುವವರಿಗೆ ಇನ್ನೊಂದು ತಿಳಿದಿರಲಿ: ಮದ್ಯ ಆ ಕ್ಷಣಕ್ಕೆ ಹಗುರ ಅನ್ನಿಸಿದರೂ ನಿದ್ದೆ ಕೆಡಿಸಿ, ಮರುದಿನ ಮನಸ್ಸನ್ನು ಇನ್ನಷ್ಟು ಕೆಳಗೆ ಎಳೆಯುತ್ತದೆ.

ಒಂದು ವಾರ ಬರೆದಿಡಿ

ಏನನ್ನೂ ಬದಲಿಸಬೇಡಿ. ದಿನದಲ್ಲಿ ಏನೇನು ಮಾಡಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ 0ರಿಂದ 10ರವರೆಗೆ ಎರಡು ಅಂಕ ಹಾಕಿ. ಒಂದು ಖುಷಿಗೆ, ಇನ್ನೊಂದು ‘ಏನೋ ಮಾಡಿದೆ’ ಎಂಬ ತೃಪ್ತಿಗೆ. ಪುಟ ಹೀಗಿರಬಹುದು:

ಬೆಳಿಗ್ಗೆ 7: ಮಲಗಿಕೊಂಡೇ ಮೊಬೈಲ್ ನೋಡಿದೆ. ಖುಷಿ 2, ತೃಪ್ತಿ 0.
ಸಂಜೆ 5: ಕುಂಡದ ಗಿಡಗಳ ಒಣಗಿದ ಎಲೆ ಕಿತ್ತೆ. ಖುಷಿ 4, ತೃಪ್ತಿ 6.
ರಾತ್ರಿ 9: ಮತ್ತೆ ಮೊಬೈಲ್. ಖುಷಿ 2, ತೃಪ್ತಿ 0.

ವಾರದ ಕೊನೆಗೆ ಪುಟ ತಿರುವಿದರೆ ಅಚ್ಚರಿಯಾಗುತ್ತದೆ. ‘ದಿನವಿಡೀ ಬೇಜಾರು’ ಅಂದುಕೊಂಡಿದ್ದು ದಿನವಿಡೀ ಇರುವುದಿಲ್ಲ. ಯಾವ ಹೊತ್ತಿಗೆ ಜಾಸ್ತಿ, ಯಾವುದರಿಂದ ಸ್ವಲ್ಪವಾದರೂ ಕಡಿಮೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಮೇಲಿನ ಪುಟದ ಯಜಮಾನರಿಗೆ ಆ ಗಿಡಗಳೇ ದಾರಿ.

ಚಿಕ್ಕದು ಆರಿಸಿ, ಗಡಿಯಾರ ನೋಡಿ ಮಾಡಿ

ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇರುವುದು ಇಲ್ಲೇ. ಇದಕ್ಕೆ ಮನೋವಿಜ್ಞಾನದಲ್ಲಿ ‘ಬಿಹೇವಿಯರಲ್ ಆಕ್ಟಿವೇಶನ್’ ಅನ್ನುತ್ತಾರೆ. ಮಂಕು ಕವಿದಾಗ ನಾವು ಒಂದೊಂದೇ ಕೆಲಸ ಬಿಡುತ್ತೇವೆ. ಬಿಟ್ಟಷ್ಟೂ ಖುಷಿ ಸಿಗುವ ಜಾಗಗಳು ಕಡಿಮೆಯಾಗುತ್ತವೆ, ಖುಷಿ ಕಡಿಮೆಯಾದಷ್ಟೂ ಮಂಕು ಜಾಸ್ತಿ. ಈ ಸುತ್ತನ್ನು ಮುರಿಯಲು ಕೆಲಸದ ಕಡೆಯಿಂದಲೇ ಶುರು ಮಾಡಬೇಕು. ಮನೋವಿಜ್ಞಾನಿ ನೀಲ್ ಜೇಕಬ್‌ಸನ್ ಮತ್ತು ಅವರ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಿನ್ನತೆ ಇದ್ದವರಿಗೆ ಯೋಚನೆಗಳನ್ನೂ ತಿದ್ದುವ ‘ಕಾಗ್ನಿಟಿವ್ ಥೆರಪಿ’ ಎಂಬ ಪೂರ್ತಿ ಚಿಕಿತ್ಸೆಯಷ್ಟೇ ಫಲವನ್ನು ಈ ಒಂದು ಭಾಗವೇ ಕೊಟ್ಟಿತ್ತು.

‘ಒಂದು ಹವ್ಯಾಸ ಬೆಳೆಸಿಕೊಳ್ಳಿ’ ಅಂತ ಎಲ್ಲರೂ ಹೇಳುತ್ತಾರೆ. ಕೈಕಾಲು ಆಡದವರಿಗೆ ಆ ಮಾತಿನಿಂದ ಉಪಯೋಗವಿಲ್ಲ, ಅದು ತುಂಬಾ ದೊಡ್ಡದು. ಒಬ್ಬರಿಗೆ ಹಿಂದೆ ಚಿತ್ರ ಬಿಡಿಸುವುದು ಇಷ್ಟವಿತ್ತು ಅಂತಿಟ್ಟುಕೊಳ್ಳಿ. ‘ಮತ್ತೆ ಚಿತ್ರ ಶುರು ಮಾಡಬೇಕು’ ಅಂತ ಬರೆದುಕೊಂಡರೆ ಅದು ವರ್ಷವಾದರೂ ಹಾಗೇ ಉಳಿಯುತ್ತದೆ. ಬದಲಿಗೆ ಹೀಗೆ ಬರೆಯಲಿ: ‘ಮಂಗಳವಾರ ಸಂಜೆ 6:30. ಕಿಟಕಿ ಪಕ್ಕದ ಮೇಜು. ಒಂದು ಹಾಳೆ, ಒಂದು ಪೆನ್ಸಿಲ್. ಎದುರಿಗಿರುವ ಲೋಟ. 10 ನಿಮಿಷ.’ ಹಾಳೆ, ಪೆನ್ಸಿಲ್ ಬೆಳಿಗ್ಗೆಯೇ ಮೇಜಿನ ಮೇಲೆ ಇರಲಿ. ಸಂಜೆ ಸುಸ್ತಾದಾಗ ಪೆನ್ಸಿಲ್ ಹುಡುಕುವುದೇ ಒಂದು ನೆಪವಾಗಿಬಿಡುತ್ತದೆ. ಲೋಟ ಲೋಟದ ಹಾಗೆ ಕಾಣದಿದ್ದರೂ ಪರವಾಗಿಲ್ಲ, 10 ನಿಮಿಷ ಕೂತರೆ ಆ ದಿನದ ಕೆಲಸ ಮುಗಿಯಿತು.

ಇನ್ನೊಂದು ಉಪಾಯವಿದೆ. ಕೆಲಸಕ್ಕೆ ಕೂರುವ ಮುಂಚೆ ‘ಇದರಿಂದ ಎಷ್ಟು ಖುಷಿ ಸಿಗಬಹುದು’ ಅಂತ ಊಹಿಸಿ ಒಂದು ಅಂಕ ಬರೆಯಿರಿ. ಮುಗಿದ ಮೇಲೆ ನಿಜವಾದ ಅಂಕ ಬರೆಯಿರಿ. ಊಹೆ 1 ಇದ್ದು, ಸಿಕ್ಕಿದ್ದು 4 ಆಗಿರುವುದು ತುಂಬಾ ಸಲ ಕಾಣುತ್ತದೆ. ಮಂಕಾದ ಮನಸ್ಸು ಮುಂದಿನದನ್ನು ಯಾವಾಗಲೂ ಕಡಿಮೆಯಾಗಿಯೇ ಅಳೆಯುತ್ತದೆ. ಬೇರೆಯವರು ನೂರು ಸಲ ಹೇಳಿದರೂ ನಂಬದ ಈ ಮಾತನ್ನು ನಿಮ್ಮದೇ ಕೈಬರಹ ನಂಬಿಸುತ್ತದೆ.

ಮಾಡಲು ಆಗಲಿಲ್ಲವಾ? ನಿಮ್ಮನ್ನು ಬೈದುಕೊಳ್ಳಬೇಡಿ, ಕೆಲಸವನ್ನು ಅರ್ಧ ಮಾಡಿ. 10 ನಿಮಿಷ ಜಾಸ್ತಿಯಾದರೆ 5. ಅದೂ ಆಗದಿದ್ದರೆ ಮೇಜಿನ ಮುಂದೆ ಹೋಗಿ ಕೂರುವುದಷ್ಟೇ. ವಾರಕ್ಕೆ ಇಂಥ 3 ಕೆಲಸ ಸಾಕು. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ಕೂರಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ, ಕೆಲವರಿಗೆ 254 ಅಂತ ಲೆಕ್ಕ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ.

ಬೋರ್‌ಗೆ ಮದ್ದು: ಸ್ವಲ್ಪ ಹೊಸದು, ಸ್ವಲ್ಪ ಕಷ್ಟ

ಇಪ್ಪತ್ತು ವರ್ಷ ಒಂದೇ ಕೆಲಸ ಮಾಡಿದವರಿಗೆ ಅದು ಕೈಗೆ ಕೂತುಬಿಟ್ಟಿರುತ್ತದೆ. ತಲೆ ಉಪಯೋಗಿಸುವ ಪ್ರಸಂಗವೇ ಬರುವುದಿಲ್ಲ. ಹಾಗಾಗಿ ನೀವು ಇನ್ನೂ ಎಡವುವಂಥದ್ದನ್ನು ಹಿಡಿಯಿರಿ: ಹೊಸ ಭಾಷೆ, ಈಜು, ಚೆಸ್, ಒಂದು ವಾದ್ಯ. ಅಥವಾ ತಿರುಗಿಸಿ ನೋಡಿ, ನಿಮಗೆ ಚೆನ್ನಾಗಿ ಗೊತ್ತಿರುವುದನ್ನು ಚಿಕ್ಕವರೊಬ್ಬರಿಗೆ ಕಲಿಸಿ. ಮುಂದಿನ ತಲೆಮಾರಿಗೆ ಏನನ್ನಾದರೂ ದಾಟಿಸುವುದೇ ನಡುವಯಸ್ಸಿನ ಮುಖ್ಯ ಕೆಲಸ, ಅದಿಲ್ಲದಿದ್ದರೆ ಮನಸ್ಸು ನಿಂತ ನೀರಾಗುತ್ತದೆ ಅಂತ ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ 1950ರಲ್ಲೇ ವಾದಿಸಿದ್ದರು.

ಮೊಬೈಲ್ ಮಾತ್ರ ಈ ಕೆಲಸಕ್ಕೆ ಬರುವುದಿಲ್ಲ. 2024ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಒಂದು ವಿಡಿಯೊ ಬಿಟ್ಟು ಇನ್ನೊಂದಕ್ಕೆ ಜಿಗಿಯುತ್ತಿದ್ದವರಿಗೆ ಒಂದನ್ನೇ ಪೂರ್ತಿ ನೋಡಿದವರಿಗಿಂತ ಜಾಸ್ತಿ ಬೋರ್ ಆಗಿತ್ತು. ನೋಡಬೇಕು ಅನ್ನಿಸಿದರೆ ಒಂದು ಆರಿಸಿ ಕೊನೆಯವರೆಗೆ ನೋಡಿ.

ಜನ ಬೇಕು

ಈ ವಯಸ್ಸಿನಲ್ಲಿ ಗೆಳೆತನ ಸದ್ದಿಲ್ಲದೆ ಉದುರಿರುತ್ತದೆ, ಅಲ್ವಾ? ಜೆಫ್ರಿ ಹಾಲ್ ಎಂಬ ಸಂಶೋಧಕರ ಲೆಕ್ಕದಲ್ಲಿ ಪರಿಚಯದವರು ಸಾಧಾರಣ ಗೆಳೆಯರಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಆಪ್ತರಾಗಲು 200 ಗಂಟೆ ದಾಟಬೇಕು. ಒಂದು ದಿನದ ಸಮಾರಂಭದಲ್ಲಿ ಇದು ಆಗುವಂಥದ್ದಲ್ಲ. ವಾರವೂ ಅದೇ ದಿನ, ಅದೇ ಹೊತ್ತು, ಅದೇ ಜನ ಸೇರುವ ಒಂದು ಗುಂಪು ಹುಡುಕಿ. ಹಾಡುವ ಗುಂಪಾಗಲಿ, ಆಡುವ ಗುಂಪಾಗಲಿ, ನಡೆಯುವ ಗುಂಪಾಗಲಿ. ಹಳೆಯ ಗೆಳೆಯರಿಗೆ ವರ್ಷಗಟ್ಟಲೆ ಫೋನ್ ಮಾಡದೆ ಸಂಕೋಚವಾಗಿದ್ದರೆ ‘ಯಾಕೋ ನಿನ್ನ ನೆನಪಾಯ್ತು’ ಅಂತ ಒಂದು ಸಾಲು ಕಳಿಸಿ. ಇಷ್ಟು ದಿನ ಮಾತಾಡದ್ದಕ್ಕೆ ವಿವರಣೆ ಕೊಡುವ ಅಗತ್ಯವಿಲ್ಲ.

ನಡಿಗೆ, ಬೆಳಕು, ನಿದ್ದೆಯ ವಿಷಯ ನಿಮಗೆ ಗೊತ್ತೇ ಇದೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ಚಟುವಟಿಕೆ ಇರಲಿ ಅನ್ನುತ್ತದೆ. ಅದನ್ನು ಬೆಳಗಿನ ಬಿಸಿಲಲ್ಲಿ ಮಾಡಿದರೆ ರಾತ್ರಿಯ ನಿದ್ದೆಗೂ ಒಳ್ಳೆಯದು.

ಒಂದು ಎಚ್ಚರಿಕೆ. ಮನಸ್ಸು ತೀರಾ ಕೆಳಗಿರುವಾಗ ಕೆಲಸ ಬಿಡುವ, ಸಂಸಾರ ಮುರಿಯುವ, ಊರು ಬದಲಿಸುವ ತೀರ್ಮಾನ ಬೇಡ. ಬರೆದಿಟ್ಟು, ಸ್ವಲ್ಪ ಚೇತರಿಸಿಕೊಂಡ ಮೇಲೆ ಮತ್ತೆ ಓದಿ. ಆಗಲೂ ಸರಿ ಅನ್ನಿಸಿದರೆ ಮುಂದುವರಿಯಿರಿ.

ಒಂದು ತಿಂಗಳು ಇಷ್ಟೆಲ್ಲ ಮಾಡಿಯೂ ಅಂಕಗಳು ಮೇಲೇಳದಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಮಾತ್ರೆ ಕೊಟ್ಟರೆ ಅದರ ಫಲ ಕಾಣಲು ಸಾಮಾನ್ಯವಾಗಿ 2ರಿಂದ 4 ವಾರ ಬೇಕು, ಆದ್ದರಿಂದ ಮೂರನೇ ದಿನಕ್ಕೇ ಬಿಡಬೇಡಿ. ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ಅಲ್ಲಿ ಕೂತಾಗ ಎಷ್ಟೋ ಜನರಿಗೆ ಮಾತೇ ಹೊರಡುವುದಿಲ್ಲ. ಪುಟ ತೆರೆದು ಮುಂದಿಟ್ಟು, ‘ಇಷ್ಟು ದಿನದಿಂದ ಹೀಗಿದೆ’ ಅಂದರೆ ಸಾಕು.