ಹಿತ್ತಲ ಹೊಂಡಕ್ಕೆ ಕಪ್ಪೆ, ಏರೋಪ್ಲೇನ್ ಚಿಟ್ಟೆ ಬರಬೇಕಾದರೆ

ಹೊಂಡ ಅಂದಕೂಡಲೇ ನೈದಿಲೆ ಹೂವು ನೆನಪಾಗುತ್ತದೆ. ಕಪ್ಪೆಗೂ ಏರೋಪ್ಲೇನ್ ಚಿಟ್ಟೆಗೂ ಹೂವಿನ ಹಂಗಿಲ್ಲ. ಅವಕ್ಕೆ ನೀರೊಳಗೆ ಅಡಗಲು ಗಿಡ ಬೇಕು, ಮೇಲೇರಲು ದಂಟು ಬೇಕು, ಹತ್ತಿ ಇಳಿಯಲು ದಂಡೆ ಬೇಕು.

ಧಾರವಾಡದ ನನ್ನ ಹಿತ್ತಲಿನ ಹೊಂಡ 10 ಅಡಿ ಉದ್ದ, 7 ಅಡಿ ಅಗಲ, ನಡುವೆ ಎರಡೂವರೆ ಅಡಿ ಆಳ. ಒಂದು ಬದಿ ಮೂರಡಿಗೆ ಒಂದಡಿಯಷ್ಟು ನಿಧಾನ ಇಳಿಜಾರು. ನಾಲ್ಕೂ ಕಡೆ ನೆಟ್ಟಗೆ ಕಡಿದರೆ ಅಳಿಲು, ಓತಿಕ್ಯಾತ ಬಿದ್ದು ಸಾಯುತ್ತವೆ. ಎದುರು ಬದಿಗೆ ಎಂಟು ಇಂಚು ಆಳದಲ್ಲಿ ಒಂದಡಿ ಅಗಲದ ಮೆಟ್ಟಿಲು.

ನಮ್ಮ ಎರಿಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ನೀರು ಇಂಗದಂತೆ ಹಾಸುವ ಪ್ಲಾಸ್ಟಿಕ್ ಹಾಳೆ ಹರಿಯುವುದು ಅದರಿಂದ. ಮೊದಲು ಮೂರು ಇಂಚು ಮರಳು, ಮೇಲೆ ಎರಡು ಪದರ ಹಳೇ ಗೋಣಿಚೀಲ, ಆಮೇಲೆ ಕೃಷಿಹೊಂಡಕ್ಕೆ ಹಾಕುವ 500 ಮೈಕ್ರಾನ್ ಹಾಳೆ. ಉದ್ದ, ಅಗಲ ಎರಡಕ್ಕೂ ಆಳದ ಎರಡರಷ್ಟು, ಅಂಚಿಗೆಂದು ಇನ್ನೆರಡು ಅಡಿ ಕೂಡಿಸಿ: ಇಲ್ಲಿ 17 × 14 ಅಡಿ. ಅಂಚಿನ ಹಾಳೆ ಬಿಸಿಲಿಗೆ ಪುಡಿಯಾಗುತ್ತದೆ, ಕಲ್ಲು ಮಣ್ಣಿನಿಂದ ಪೂರ್ತಿ ಮುಚ್ಚಬೇಕು.

ದಂಡೆಗೆ ಒಂದೆಲಗ, ನೀರುಬ್ರಾಹ್ಮಿ. ಮೆಟ್ಟಿಲಿಗೆ ಬಜೆ, ಜೇಕು. ಆಳಕ್ಕೆ ನೀರೊಳಗೇ ಬೆಳೆಯುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ. ನೈದಿಲೆ ಒಂದೇ ಗಡ್ಡೆ ಸಾಕು. ಒಂದಡಿ ಅಗಲದ ಬುಟ್ಟಿಗೆ ಬರೀ ಹೊಲದ ಮಣ್ಣು, ಮೇಲೆ ಒಂದಿಂಚು ಜಲ್ಲಿ. ತಿಪ್ಪೆಗೊಬ್ಬರ ಸೇರಿಸಿದರೆ ವಾರದೊಳಗೆ ನೀರು ಹಸಿರುಗಟ್ಟುತ್ತದೆ. ಬುಟ್ಟಿಯನ್ನು ಇಟ್ಟಿಗೆ ಮೇಲಿಟ್ಟು ಆರು ಇಂಚು ನೀರಿನಿಂದ ಶುರುಮಾಡಿ, ಎಲೆ ಮೇಲೆ ಬಂದಂತೆ ಒಂದೊಂದೇ ಇಟ್ಟಿಗೆ ತೆಗೆಯಿರಿ. ಎಲೆ ಅರ್ಧ ನೀರನ್ನಷ್ಟೇ ಮುಚ್ಚಬೇಕು.

ಕೆರೆಯಂಚಿನ ಆಪು ಹುಲ್ಲು ಚೆಂದ ಕಾಣುತ್ತದೆ, ಆದರೆ ಅದರ ಚೂಪು ಬೇರುಗಡ್ಡೆ ಹಾಳೆ ತೂತು ಮಾಡುತ್ತದೆ. ಅಂತರಗಂಗೆಯ ಒಂದು ಎಲೆಯೂ ಬೇಡ. ಹುಬ್ಬಳ್ಳಿಯ ಉಣಕಲ್ ಕೆರೆ ಈ ತೇಲುಕಳೆಯಿಂದ ಮುಚ್ಚಿಹೋಗಿದ್ದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಹೊರಗಿನಿಂದ ತಂದ ಗಿಡವನ್ನು ವಾರ ಬಕೆಟ್‌ನಲ್ಲಿಟ್ಟು ನೋಡಿ, ಆಮೇಲೆ ಬಿಡಿ. ಹೈಡ್ರಿಲ್ಲಾ ಕೂಡ ಬಲು ಬೇಗ ಹಬ್ಬುತ್ತದೆ. ತಿಂಗಳಿಗೊಮ್ಮೆ ಮೂರರಲ್ಲೊಂದು ಪಾಲು ಕಿತ್ತು, ಒಂದು ರಾತ್ರಿ ನೀರಿನಂಚಿಗೇ ಇಡಿ. ಸಿಕ್ಕಿಕೊಂಡ ಹುಳಗಳು ತಾವೇ ಮರಳಿ ಇಳಿಯುತ್ತವೆ.

ಮೇನಲ್ಲಿ ಅಗೆದು, ಮೃಗಶಿರಾ ಮಳೆಗೆ ಛಾವಣಿ ನೀರು ತುಂಬಿಸುವುದು ಎಲ್ಲಕ್ಕಿಂತ ಒಳ್ಳೆಯದು. ಮೊದಲ ಮಳೆಯ ಕೊಳಕು ನೀರು ಮಾತ್ರ ಬೇಡ. ನಳದ ನೀರಾದರೆ ಕ್ಲೋರಿನ್ ಹೋಗಲು ಬ್ಯಾರಲ್‌ನಲ್ಲಿ ಎರಡು ದಿನ ತೆರೆದಿಡಿ.

ಮೀನು ಬಿಡಬೇಡಿ. ಗಪ್ಪಿ, ಗ್ಯಾಂಬೂಸಿಯಾ ಸೊಳ್ಳೆಮರಿಯ ಜತೆಗೆ ಗೊದಮೊಟ್ಟೆಯನ್ನೂ ತಿನ್ನುತ್ತವೆ. ಸೊಳ್ಳೆ ಮೊಟ್ಟೆಯಿಂದ ಹಾರುವವರೆಗೆ ವಾರ, ಹತ್ತು ದಿನ. ಆದ್ದರಿಂದ ಮೊದಲ ಎರಡು ತಿಂಗಳು ನಾಲ್ಕು ದಿನಕ್ಕೊಮ್ಮೆ ಅಂಚಿನ ನೀರನ್ನು ಬಿಳಿ ಬಟ್ಟಲಲ್ಲಿ ತೆಗೆದು ನೋಡಿ, ಮರಿ ಕಂಡರೆ ಜಾಳಿಗೆಯಿಂದ ಸೋಸಿ. ಹೆಚ್ಚಾದರೆ ಸೊಳ್ಳೆಮರಿ ಕೊಲ್ಲುವ ಬ್ಯಾಕ್ಟೀರಿಯಾದ ಬಿಟಿಐ ಪುಡಿ, ಪೊಟ್ಟಣದ ಮೇಲಿನ ಅಳತೆಯಲ್ಲಿ. ಮುಂದೆ ಏರೋಪ್ಲೇನ್ ಚಿಟ್ಟೆಯ ಮರಿಗಳು ಬಹುಪಾಲು ಕೆಲಸ ಹಿಡಿಯುತ್ತವೆ, ಆದರೂ ವಾರಕ್ಕೊಮ್ಮೆ ಬಟ್ಟಲಲ್ಲಿ ನೀರು ತೆಗೆದು ನೋಡುವುದನ್ನು ತಪ್ಪಿಸಬಾರದು.

ಬೆಳಗಿನ ಜಾವ ಬ್ಯಾಟರಿ ಹಿಡಿದು ಜೇಕಿನ ದಂಟು ನೋಡಿ. ಏರೋಪ್ಲೇನ್ ಚಿಟ್ಟೆಯ ಕಂದು ಮರಿ ನೀರಿನಿಂದ ಒಂದು ಗೇಣು ಮೇಲೇರಿ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಬೆನ್ನು ಸೀಳಿ, ಒಳಗಿನಿಂದ ಮುದುಡಿದ ರೆಕ್ಕೆಯ ಮೆತ್ತನೆ ಜೀವ ಹೊರಬರುತ್ತದೆ. ರೆಕ್ಕೆ ಬಿಚ್ಚಿ ಒಣಗುವವರೆಗೆ ಅದು ಹಾರಲಾರದು. ಹಾಗಾಗಿ ಒಣಗಿದ ದಂಟು ಸವರುವಾಗ ಒಂದು ಸಲಕ್ಕೆ ಅರ್ಧವನ್ನಷ್ಟೇ ಸವರಿ, ಅದೂ ಬಿಸಿಲೇರಿದ ಮೇಲೆ.